ಟ್ರಾನ್ಸಿಸ್ಟರ್ ಇಲ್ಲದ ಊರಿನಲ್ಲಿ ಅವ್ವ

ಇಲ್ಲ, ಆ ಪ್ರಶ್ನೆ ಕೇಳಿದ್ದು ಅವ್ವನೇ ಇರಬೇಕು. ತಂಗಿ ಕೇಳಿದಳು ಎಂದು ಬಹಳ ದಿನ ನಂಬಿದ್ದೆ, ಒಂದೆರಡು ಕಡೆ ಹಾಗೆಯೇ ಹೇಳಿಯೂ ಇದ್ದೇನೆ. ಈಗ ನೆನೆದರೆ ಇಂಡಿ ಊರಿನ ನಮ್ಮ ಮನೆಯ ಪಡಸಾಲೆ ಕಾಣುತ್ತದೆ, ಅವ್ವನ ಮುಂದೆ ಮೊರ, ಮೊರದಲ್ಲಿ ತೊಗರಿಬೇಳೆ. ಹರಳು ಆರಿಸುತ್ತಿದ್ದ ಅವಳ ಬೆರಳು ನಿಂತದ್ದು ಕಾಣುತ್ತದೆ. ಬೆರಳು ನಿಂತ ಮೇಲೆ ಪ್ರಶ್ನೆ ಬಂತೋ, ಪ್ರಶ್ನೆ ಬಂದ ಮೇಲೆ ಬೆರಳು ನಿಂತಿತೋ, ಹೇಳಲಾರೆ. ನೆನಪು ಇಂಥ ಕಡೆ ತನಗೆ ಬೇಕಾದಂತೆ ಕತ್ತರಿಸಿ ಅಂಟಿಸುತ್ತದೆ. ಕತೆ ಬರೆಯುವವನಾಗಿ ನನಗೂ ಅದೇ ಕೆಲಸ, ಹಾಗಾಗಿಯೇ ಅದರ ಮೇಲೆ ನಂಬಿಕೆ ಇಲ್ಲ.

ಪ್ರಶ್ನೆ ಇಷ್ಟು: "ಹಂಗಾರ ನಿಮ್ಮ ಊರಾಗ ನಾ ಇರಂಗಿಲ್ಲೇನ?"

ನಿಮ್ಮ ಊರು ಎಂದರೆ ತಂಗಿ ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದ ಊರು. ಅವಳು ಮುದ್ದೇಬಿಹಾಳದಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತಾಳೆ. ಶಾಲೆ ಬಿಟ್ಟ ಮೇಲೆ ವಿಡಿಯೋ ಗೇಮ್ ಮಾಡುತ್ತಾಳೆ, ಆಡುವುದಲ್ಲ, ಮಾಡುವುದು. ಇಬ್ಬರು ಗೆಳತಿಯರು ಚಿತ್ರ ಬರೆಯುತ್ತಾರೆ, ಇವಳು ನಿಯಮ ಬರೆಯುತ್ತಾಳೆ. ಆಟದ ಊರಿಗೆ ಹೆಸರಿಲ್ಲ, ಆದರೆ ಇಂಡಿಯವರು ನೋಡಿದರೆ ಗುರುತು ಹಿಡಿಯುತ್ತಾರೆ: ನಿಂಬೆಹಣ್ಣಿನ ಪೇಟೆ, ಟೆಂಪೊ ನಿಲ್ಲುವ ಬೇವಿನ ಮರ, ದೂರದಲ್ಲಿ ಸಕ್ಕರೆ ಕಾರ್ಖಾನೆಯ ಹೊಗೆ. ವ್ಯತ್ಯಾಸ ಒಂದೇ. ಆ ಲೋಕದಲ್ಲಿ ಯಾರೂ ಟ್ರಾನ್ಸಿಸ್ಟರ್ ಕಂಡುಹಿಡಿಯಲಿಲ್ಲ.

ನಮ್ಮ ಕಡೆ ರೇಡಿಯೋಕ್ಕೇ ಆ ಹೆಸರಿತ್ತು. ನಾನು ಹೇಳುತ್ತಿರುವುದು ರೇಡಿಯೋದ ಒಳಗಿನ, ಜೋಳದ ಕಾಳಿನಷ್ಟು ಸಣ್ಣ ಬಿಡಿಭಾಗ. ಇವತ್ತಿನ ಮೊಬೈಲು, ಕಂಪ್ಯೂಟರು ಎಲ್ಲ ನಿಂತಿರುವುದು ಅದರ ಮೇಲೆ. ಅದು ಬರುವ ಮೊದಲು ಅದರ ಕೆಲಸವನ್ನು ಗಾಜಿನ ವಾಲ್ವ್ ಮಾಡುತ್ತಿತ್ತು. ಬಲ್ಬಿನ ಹಾಗೆ ಒಳಗೆ ಕೆಂಪಗೆ ಉರಿಯುವ, ಮುಟ್ಟಿದರೆ ಸುಡುವ, ಸುಮ್ಮನೆ ಕರೆಂಟು ಕುಡಿಯುವ ವಸ್ತು. ತಂಗಿಯ ಊರಿನಲ್ಲಿ ಕಾಲ ಮುಂದೆ ಹೋಗಿದೆ, ವಾಲ್ವ್ ಹೋಗಿಲ್ಲ. ಅಲ್ಲಿ ಟೆಂಪೊ ಹಾರುತ್ತದೆ, ನಿಂಬೆಹಣ್ಣು ಎಣಿಸಲು ಕಬ್ಬಿಣದ ಮನುಷ್ಯನಿದ್ದಾನೆ, ಅವನ ಬೆನ್ನ ತುಂಬ ಉರಿಯುವ ಗಾಜು.

"ಒಂದ ಸುಳ್ಳು ಹೇಳಬೇಕಣ್ಣ. ಅದಾದ ಮ್ಯಾಲ ಎಲ್ಲಾ ಖರೇನ ಇರಬೇಕು," ಎನ್ನುತ್ತಿದ್ದಳು. "ಹಾರೂ ಟೆಂಪೊ ತೋರ್ಸು, ನಂಬ್ತಾರ. ಅದರ ಡ್ರೈವರನ ಕಿಸೆದಾಗ ತೆಳ್ಳಗಿಂದೊಂದು ಮೊಬೈಲ್ ತೋರ್ಸು, ಆಟ ಅಲ್ಲೇ ಸತ್ತಂಗ."

ಆ ಊರಿನಲ್ಲಿ ಏನಿರಬಹುದು, ಏನಿರಬಾರದು ಎಂದು ಪರೀಕ್ಷಿಸುವ ಕೆಲಸ ನನ್ನದು. "ನೀ ತಪ್ಪು ಹುಡುಕಾಕ ಹುಟ್ಟಿದಾಂವ. ಅದನ್ನರ ಉಪಯೋಗಕ್ಕ ಹಚ್ಚು," ಎಂದು ವಹಿಸಿದ್ದಳು. ನಾನು ಮೊದಲಿನಿಂದಲೂ ಜಗಳ ತೆಗೆದೆ. ನಿಜವಾದ ಊರುಗಳಿಗೆ ಇಂಥ ಶಿಸ್ತು ಎಲ್ಲಿದೆ? ಸಿಂದಗಿಯ ಸಂತೆಗೆ ಹೋಗಿ ನೋಡು, ಎಂದೆ. ಅಲ್ಲಿ ಕಬ್ಬಿಣದ ಬಟ್ಟು ಇಟ್ಟು ತೂಗುವ ತಕ್ಕಡಿಗೇ ಮೊಬೈಲಿನಿಂದ ಹಣ ಹಾಕುವ ಕೋಡು ಅಂಟಿಸಿರುತ್ತಾರೆ. ಎತ್ತಿನ ಬಂಡಿಯ ಮೇಲೆ ಸೋಲಾರ್ ತಗಡು ಹೋಗುತ್ತದೆ. ಎಲ್ಲ ಕಾಲಗಳೂ ಒಂದೇ ಚೀಲದಲ್ಲಿ. ಒಂದೇ ಕಾಲದ ವಸ್ತುಗಳಿಂದ ಕಟ್ಟಿದ ಊರು ಎಷ್ಟು ಚಂದವಿದ್ದರೂ ಸತ್ತ ಊರು.

"ನಿನ್ನ ಕಥೀನೂ ಹಿಂಗ ಇರ್ತಾವ," ಅಂದಳು ತಂಗಿ. "ಅದಕ್ಕ ಯಾರೂ ಓದೂದಿಲ್ಲ."

ಅವ್ವ ನಕ್ಕಳು. ಇದು ನನಗೆ ಸರಿಯಾಗಿ ನೆನಪಿದೆ, ಯಾಕೆಂದರೆ ಸಿಟ್ಟು ಬಂದಿತ್ತು.

ರಜೆಗೆಂದು ಬಂದಿದ್ದ ತಂಗಿ ಆ ದಿನ ಪಡಸಾಲೆಯಲ್ಲಿ ಕೂತು ಒಂದೊಂದೇ ವಸ್ತುವನ್ನು ತನ್ನ ಊರಿನಿಂದ ಹೊರಗೆ ಹಾಕುತ್ತಿದ್ದಳು. ಎಲ್‌ಇಡಿ ದೀಪ ಇರುವಂತಿಲ್ಲ. ಎಟಿಎಂ ಇಲ್ಲ. ಪುಟ್ಟ ಕ್ಯಾಲ್ಕುಲೇಟರ್ ಇಲ್ಲ. ನಾನು ಸೇರಿಸಿದೆ: ಕೈಗಡಿಯಾರ ಇರಬಹುದು, ಕೀಲಿ ಕೊಡುವುದಾದರೆ. ಆಗ ಬಂತು ಆ ಪ್ರಶ್ನೆ.

ಅವ್ವನ ಎದೆಯಲ್ಲಿ, ಎಡಗಡೆ, ಚರ್ಮದ ಕೆಳಗೆ ಪೇಸ್‌ಮೇಕರ್ ಇದೆ. ಅವಳ ಬಾಯಲ್ಲಿ ಬರೀ ಮಷೀನು. ಎರಡು ಸಲ ಅಡಿಗೆಮನೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದ ಮೇಲೆ ವಿಜಯಪುರದ ಆಸ್ಪತ್ರೆಯೊಂದರಲ್ಲಿ ಹಾಕಿಸಿದ್ದೆವು. ಹೃದಯ ಬಡಿಯುವುದನ್ನು ಮರೆತಾಗ ಅದು ನೆನಪಿಸುತ್ತದೆ. ಸ್ನಾನ ಮಾಡಿ ಬರುವಾಗ ಸೆರಗಿನ ಅಂಚಿನಲ್ಲಿ ಅದರ ಉಬ್ಬು ಕಂಡರೆ ನಾನು ಬೇರೆ ಕಡೆ ನೋಡುತ್ತೇನೆ. ಅದರೊಳಗೂ ಟ್ರಾನ್ಸಿಸ್ಟರುಗಳೇ. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಬೇಳೆ ಆರಿಸುತ್ತಿದ್ದವಳಿಗೆ ಹೊಳೆದಿತ್ತು.

ತಂಗಿ ಸುಳ್ಳು ಹೇಳಬಹುದಿತ್ತು. ಅವಳ ಸ್ವಭಾವ ಅಲ್ಲ. "ಇರ್ತಿ ಯವ್ವಾ. ವಾಲ್ವಿನ ಮಷೀನೂ ಮಾಡಿದ್ರಂತ, ನಾ ಓದೇನಿ. ಆದ್ರ ಟ್ರಂಕಿನಷ್ಟು ದೊಡ್ಡದು. ಹೊರಗಿಟ್ಟು ಎದಿಗೆ ವಾಯರ್ ಹಚ್ಚಬೇಕು, ಇನ್ನೊಂದು ವಾಯರ್ ಗ್ವಾಡಿಗೆ."

"ಗ್ವಾಡಿಗಿ ಅಂದ್ರ ಕರೆಂಟಿಗೇನ?"

"ಹೂಂ."

"ಇಂಡಿ ಕರೆಂಟಿಗೆ?" ಅವ್ವ ಮತ್ತೆ ಬೇಳೆಗೆ ಕೈಹಾಕಿದಳು. "ಒಂದ ಮಧ್ಯಾನ್ಹ ತಡೀಲಿಕ್ಕಿಲ್ಲ ಬಿಡು ನಾನು."

ನಗಬೇಕಾದ ಮಾತು. ತಂಗಿ ನಕ್ಕಳು, ಆಮೇಲೆ ಏನೋ ಗೀಚಿದಳು. ಅವ್ವ ಆಟದೊಳಗೆ ಬರುತ್ತಾಳೆ ಎಂದು ನನಗೆ ಆಗಲೇ ಗೊತ್ತಾಯಿತು. ಮರುವಾರ ಅವಳು ಕಳಿಸಿದ ಚಿತ್ರದಲ್ಲಿ ಒಬ್ಬ ಮುದುಕಿ ಇದ್ದಳು. ಮುಖ ಅವ್ವನದಲ್ಲ, ಕೂರುವ ರೀತಿ ಅವ್ವನದು. ಎದೆಯಿಂದ ಹೊರಟ ವಾಯರು ಪಡಸಾಲೆ ದಾಟಿ ಗೋಡೆಗೆ ಹೋಗಿತ್ತು. ವಾಯರು ಎಷ್ಟು ಉದ್ದವೋ ಅಷ್ಟೇ ಅವಳ ನಡಿಗೆ. ಹೊಸ್ತಿಲಿನವರೆಗೆ ಬರಬಲ್ಲಳು, ಅಂಗಳಕ್ಕೆ ಇಳಿಯಲಾರಳು. ಊರಿನ ವಿದ್ಯುತ್ತನ್ನು ಆಟ ಆಡುವವನು ಹಂಚಬೇಕು: ಟೆಂಪೊ ಹಾರಿಸಿದರೆ ಮುದುಕಿಯ ಮನೆಯ ದೀಪ ಸಣ್ಣಗಾಗುತ್ತದೆ. ಆಟ ಎಂದರೆ ಇದೇ, ಎಲ್ಲವೂ ಒಂದಕ್ಕೊಂದು ಹೊಂದಿತ್ತು. ನಾನು ನೋಡಿದ ಎಲ್ಲಕ್ಕಿಂತ ಸುಸಂಗತವಾದ ಲೋಕ. ಫೋನು ಮುಚ್ಚಿಟ್ಟು ಎದ್ದು ಹೋಗಿ ಅವ್ವನನ್ನು ನೋಡಿ ಬಂದೆ. ಒಗೆದ ಬಟ್ಟೆ ಹಾಕಲು ಅಂಗಳದಲ್ಲಿದ್ದಳು.

ತಂಗಿಗೆ ಪೇಟೆಯ ದೃಶ್ಯಕ್ಕೆ ಹಳೆಯ ಮೈಕ್ ಸೆಟ್ ಬೇಕಿತ್ತು. ಅಪ್ಪ ಇರುವಾಗ ಮದುವೆಗೆ, ಪ್ರಚಾರಕ್ಕೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಅವನು ಹೋದ ಮೇಲೆ ಸಾಮಾನೆಲ್ಲ ಬಸವನ ಬಾಗೇವಾಡಿಯ ಸೋದರಮಾವನ ಅಟ್ಟ ಸೇರಿತ್ತು. ನಾನು ಹೋಗಿ ತಂದೆ: ವಾಲ್ವಿನ ಆಂಪ್ಲಿಫೈಯರ್, ಒಂದು ತಗಡಿನ ಹಾರ್ನು, ಹಾರ್ನಿನ ಹಿಂದೆ ತಿರುಗಿಸಿ ಕೂರಿಸುವ ಯೂನಿಟ್ಟು. ಧ್ವನಿ ಹುಟ್ಟುವುದು ಆ ಯೂನಿಟ್ಟಿನಲ್ಲಿ. ಗಾತ್ರ ಸಣ್ಣ ತಂಬಿಗೆಯಷ್ಟು, ಭಾರ ರುಬ್ಬುಗುಂಡಿನಷ್ಟು. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ಚೀಲ ಹಿಡಿದು ಕೈ ಸೋತಿತ್ತು; "ಏನ್ರಿ ಸಾಹುಕಾರ್ರ, ಬಂಗಾರೇನು?" ಎಂದು ಕಂಡಕ್ಟರ್ ಕೇಳಿದ. ಸಿಂದಗಿಯೇ ಎಂದುಕೊಂಡಿದ್ದೇನೆ. ವಿಜಯಪುರದ ಮೇಲೆ ಬಂದೆನೋ ಏನೋ. ಅದು ಮುಖ್ಯವಲ್ಲ, ಇಷ್ಟು ದೊಡ್ಡ ವಿಷಯದ ಹತ್ತಿರ ಇರುವ ಸಣ್ಣ ವಿಷಯಗಳೂ ಹೀಗೆ ಅಳ್ಳಾಡುತ್ತವೆ ಎಂದು ಹೇಳಬೇಕಿತ್ತು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ತಂಗಿ ವಿಡಿಯೋ ಕಾಲ್ ಮಾಡಿದಳು. ನಾನು ಮೊಬೈಲ್ ಹಿಡಿದು ಹಾರ್ನನ್ನು ಸುತ್ತಲೂ ತೋರಿಸುತ್ತಿದ್ದೆ. ಆಚೆ ಅವ್ವ ಗೋಡೆಗೆ ಒರಗಿ ಕೂತಿದ್ದಳು, ಯೂನಿಟ್ಟು ಅವಳ ಕೈಯಲ್ಲಿತ್ತು. ಯಾರೂ ಕೊಟ್ಟಿರಲಿಲ್ಲ, ತಾನೇ ಎತ್ತಿಕೊಂಡಿದ್ದಳು. ಅಪ್ಪ ಮರ ಹತ್ತಿ ಹಾರ್ನ್ ಕಟ್ಟುವಾಗ ಕೆಳಗೆ ಯೂನಿಟ್ಟು ಹಿಡಿದು ನಿಲ್ಲುವುದು ಅವಳ ಪಾಲಿನ ಕೆಲಸವಾಗಿತ್ತು. ಅದರ ಬಾಯಿಗೆ ಧೂಳು ಕೂರಬಾರದು, ಅದಕ್ಕೇ ಸೆರಗಿನೊಳಗೆ ಕೂಸಿನಂತೆ ಎದೆಗವಚಿಕೊಂಡು ಹಿಡಿಯಬೇಕು. ಈಗಲೂ ಹಾಗೆಯೇ ಹಿಡಿದು ಕೊಬ್ಬರಿ ಎಣ್ಣೆಯ ಅರಿವೆಯಿಂದ ತುಕ್ಕು ಒರೆಸುತ್ತಿದ್ದಳು.

"ಯಾಕೋ ಎದಿ ಓಡಾಕತ್ತೈತಿ ತಮ್ಮಾ," ಅಂದಳು. ಸಮಾಧಾನದಲ್ಲೇ ಅಂದಳು.

ಮೊಬೈಲನ್ನು ಆಂಪ್ಲಿಫೈಯರಿನ ಡಬ್ಬಿಗೆ ಆನಿಸಿಟ್ಟು ಅವಳ ಮಣಿಕಟ್ಟು ಹಿಡಿದೆ. ನಾಡಿ ಜೋರಾಗಿತ್ತು. ಓಡಿ ಬಂದವರ ನಾಡಿ ಹಾಗಿರುವುದಿಲ್ಲ; ಅದರಲ್ಲಿ ಏರಿಳಿತ, ಉಸಿರಿನ ಗುರುತು ಇರುತ್ತದೆ. ಇದರಲ್ಲಿ ಏನೂ ಇರಲಿಲ್ಲ. ಒಂದರ ಹಿಂದೆ ಒಂದು, ಒಂದೇ ಅಳತೆಗೆ ಕತ್ತರಿಸಿಟ್ಟ ಹಾಗೆ. ನಾನು ಹಿಡಿದಿರುವುದು ಅವ್ವನ ಕೈ ಅಲ್ಲ ಎನಿಸಿತು. ಅವಳ ಹಣೆಯ ಮೇಲೆ ಬೆವರು ಮೂಡಿತ್ತು. ಆಟೋ ಕರೆಯಬೇಕು, ನೀರು ಕೊಡಬೇಕು, ಮಲಗಿಸಬೇಕು, ಯಾವುದನ್ನೂ ಮಾಡದೆ ಕೈ ಹಿಡಿದುಕೊಂಡೇ ಕೂತಿದ್ದೆ. ಬಿಟ್ಟರೆ ನಿಲ್ಲುತ್ತದೆ ಎಂಬಂತೆ.

"ಅಣ್ಣಾ," ತಂಗಿಯ ದನಿ ಡಬ್ಬಿಯ ಕಡೆಯಿಂದ ಬಂತು. "ಆಕಿ ಎದಿಮ್ಯಾಗ ಏನೈತಿ ಅದು?"

"ಯೂನಿಟ್ಟು."

"ಅದರಾಗ ಮ್ಯಾಗ್ನೆಟ್ ಐತಿ. ತಗಿ. ಮೊದಲ ಅದನ್ನ ದೂರ ತಗಿ."

ತೆಗೆದೆ. ಎಸೆದೆನೋ, ಅಂಗಳಕ್ಕೆ ಒಯ್ದಿಟ್ಟೆನೋ. ಅವ್ವನ ಪ್ರಕಾರ ನಾನು ಅದನ್ನು ಓಡುತ್ತಾ ಒಯ್ದೆ. ತಂಗಿಯ ಪ್ರಕಾರ ಬಹಳ ಹೊತ್ತು ಅಲುಗಾಡದೆ ಕೂತಿದ್ದೆ, ಅವಳು ಮತ್ತೆ ಮತ್ತೆ ಹೇಳಬೇಕಾಯಿತು. ಮತ್ತೆ ಮಣಿಕಟ್ಟು ಹಿಡಿದಾಗ ನಾಡಿ ನಿಧಾನವಾಗಿತ್ತು. ತಕ್ಷಣವೋ, ಸ್ವಲ್ಪ ತಡೆದೋ, ನನಗೆ ಬೇಕಾದದ್ದು ಅದೇ, ಅದೇ ನೆನಪಿಲ್ಲ.

ಆಸ್ಪತ್ರೆಯಿಂದ ಕಳಿಸುವಾಗ ನಮಗೆ ಹೇಳಿದ್ದರು, ಮೊಬೈಲನ್ನು ಕುಪ್ಪಸದೊಳಗೆ ಇಟ್ಟುಕೊಳ್ಳಬೇಡಿ, ಅಯಸ್ಕಾಂತದಿಂದ ದೂರವಿರಿ ಎಂದು. ಮೊಬೈಲು ಅಂದಿನಿಂದ ಅವ್ವನ ಸೊಂಟದ ಚೀಲಕ್ಕೆ ಹೋಯಿತು. ಮೈಕ್ ಸೆಟ್ಟಿನ ಮನೆಯಲ್ಲಿ ಬೆಳೆದ ನಮಗೆ ಯೂನಿಟ್ಟು ಎಂದರೆ ಧ್ವನಿ, ಅಯಸ್ಕಾಂತ ಅಲ್ಲ. ಚಿಕ್ಕವನಿದ್ದಾಗ ಅದಕ್ಕೆ ಮೊಳೆ ಅಂಟಿಸಿ ಆಡಿದವನು ನಾನು. ಆದರೂ ಹೊಳೆಯಲಿಲ್ಲ.

ಸಂಜೆಗೇ ಬಾಡಿಗೆ ಗಾಡಿ ಮಾಡಿ ವಿಜಯಪುರಕ್ಕೆ ಹೋದೆವು. ಮಷೀನು ಪರೀಕ್ಷಿಸುವ ಹುಡುಗಿ, ತಂಗಿಯ ವಯಸ್ಸಿನವಳು, ಅವ್ವನ ಎದೆಯ ಮೇಲೆ ಚಪ್ಪಟೆ ಬಿಲ್ಲೆಯಂಥದ್ದನ್ನಿಟ್ಟು ಪರದೆ ನೋಡಿದಳು.

"ಮಷೀನ್ ಆರಾಮ ಐತ್ರಿ ಅಮ್ಮಾರ. ಬ್ಯಾಟರಿನೂ ಬರೋಬರಿ ಐತಿ."

"ಅದು ಮ್ಯಾಗ್ನೆಟ್ಟಿಂದನ ಆತೇನ್ರಿ?" ನಾನು ಕೇಳಿದೆ.

"ಆಗಿರಬೇಕ್ರಿ. ಮ್ಯಾಗ್ನೆಟ್ ಹತ್ರ ಬಂದ್ರ ಇದು ಹಾರ್ಟಿನ ಮಾತು ಕೇಳೂದು ಬಿಡ್ತೈತಿ. ತನಗ ಹೇಳಿಟ್ಟ ಲೆಕ್ಕದಾಗ ಬಡಕೋಂತ ಹೋಗ್ತೈತಿ. ದೂರ ಆದ್ರ ಮತ್ತ ಕೇಳ್ತೈತಿ. ದೊಡ್ಡ ಅಪಾಯ ಅಲ್ಲ, ಆದ್ರ ಹತ್ರ ತರಬ್ಯಾಡ್ರಿ."

"ಆ ಹೊತ್ತಿನ್ಯಾಗ ಏನಾತು ಅಂತ ಇದರಾಗ ಇರ್ತೈತೇನ್ರಿ?"

"ಇಲ್ರಿ. ಈ ಮಾಡೆಲ್ ಅದನ್ನ ಇಟ್ಕೊಳ್ಳೂದಿಲ್ಲ."

ಕೇಳುವುದನ್ನು ಬಿಟ್ಟು ಬರೀ ಬಡಿಯುವ ಯಂತ್ರ. ಕಾಲಗಳು ಒಂದರ ಪಕ್ಕ ಒಂದು ಇರುವುದೇ ಚಂದ ಎಂದು ವಾದಿಸಿದವನು ನಾನು. ಅವು ಒಂದನ್ನೊಂದು ಮುಟ್ಟಿದಾಗ ಏನಾಗುತ್ತದೆ ಎಂದು ಯೋಚಿಸಿರಲಿಲ್ಲ. ತಂಗಿಯ ಊರಿನಲ್ಲಿ ಯೂನಿಟ್ಟು ಇದೆ, ಎದೆಯೊಳಗಿನ ಮಷೀನಿಲ್ಲ. ಹಾಗಾಗಿ ಅಲ್ಲಿ ಈ ಅಪಾಯವೂ ಇಲ್ಲ. ನಮ್ಮ ಊರಿನಲ್ಲಿ ಎರಡೂ ಇವೆ, ಒಂದೇ ಪಡಸಾಲೆಯಲ್ಲಿ.

ಅಂದಿನಿಂದ ಮನೆಯಲ್ಲಿ ಅಯಸ್ಕಾಂತಗಳನ್ನೇ ಕಾಣುತ್ತೇನೆ. ಫ್ರಿಜ್ಜಿನ ಬಾಗಿಲಿನ ಅಂಚು. ಪರ್ಸಿನ ಗುಂಡಿ. ಮೊಬೈಲಿನ ಹೊಸ ಕವರು. ಕಾಯಿಪಲ್ಲೆ ಮಾರುವ ಆಟೋದ ತಲೆಯ ಮೇಲಿನ ಸ್ಪೀಕರು; ಅವ್ವ ಬದನೆಕಾಯಿ ಆರಿಸಲು ಆಟೋಕ್ಕೆ ಆತುಕೊಂಡು ನಿಂತರೆ ಒಳಗಿನಿಂದ ಕೂಗುತ್ತೇನೆ. "ಹುಚ್ಚ ಹಿಡದೈತಿ ಇಂವಗ," ಎಂದು ಆಟೋದವನಿಗೆ ಹೇಳುತ್ತಾಳೆ. ಅಷ್ಟು ದೂರದಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದೆ. ಗೊತ್ತಿದ್ದರೂ ಭಯಕ್ಕೆ ಏನೂ ಆಗಿಲ್ಲ.

ತಂಗಿ ಆ ಮುದುಕಿಯನ್ನು ಆಟದಿಂದ ತೆಗೆಯುತ್ತೇನೆ ಅಂದಳು. ಅವ್ವ ಒಪ್ಪಲಿಲ್ಲ. "ಇರಲಿ ಬಿಡು. ವಾಯರ್ ಒಂದೀಟು ಉದ್ದ ಮಾಡು, ಅಂಗಳಕ್ಕರ ಬರಲಿ." ತಂಗಿ ಲೆಕ್ಕ ಹಾಕಿ ನೋಡಿ, ವಾಯರು ಉದ್ದವಾದರೆ ಉಳಿದ ನಿಯಮಗಳಿಗೇನೂ ಧಕ್ಕೆಯಿಲ್ಲ ಎಂದು ಹಾಗೇ ಮಾಡಿದಳು.

ಆಸ್ಪತ್ರೆಯಲ್ಲಿ ಇನ್ನೊಂದು ನಡೆಯಿತು. ಪರೀಕ್ಷೆ ಮುಗಿಯುವ ಮೊದಲು ಆ ಹುಡುಗಿ, ಮಷೀನಿನ ವೇಗವನ್ನು ಸ್ವಲ್ಪ ಹೊತ್ತು ಇಳಿಸಿ ನೋಡಬಹುದು ಅಂದಳು. ಈಗ ಬಹುಪಾಲು ಅದೇ ಬಡಿಯುತ್ತಿದೆ. ಇಳಿಸಿದರೆ ಕೆಳಗೆ ಹೃದಯ ತಾನಾಗಿ ಬಡಿಯುತ್ತದೆಯೋ ಇಲ್ಲವೋ ತಿಳಿಯುತ್ತದೆ. ಹೆದರುವಂಥದ್ದಲ್ಲ, ಬೇಡವೆಂದರೆ ಮುಂದಿನ ಸಲ ಮಾಡೋಣ. ಅವ್ವ ನನ್ನ ಕಡೆ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, "ಇವತ್ತ ಬ್ಯಾಡ್ರಿ ಬಾಯಾರ. ನಡದದ್ದು ನಡೀಲಿ," ಅಂದಳು. ನಾನು ಒತ್ತಾಯ ಮಾಡಲಿಲ್ಲ. ನನಗೂ ಬೇಡವಾಗಿತ್ತು.

ಆಮೇಲೆ ನಾವು ಇನ್ನೂ ಹೋಗಿಲ್ಲ. ಏನಾದರೂ ನೆಪ ಮಾಡಿ ಅವಳ ಮಣಿಕಟ್ಟು ಹಿಡಿಯುತ್ತೇನೆ, ಬಡಿತ ಸಿಗುತ್ತದೆ. ಅದು ಮಷೀನಿನದೋ, ಅವ್ವನದೋ, ಮಷೀನು ನಿಂತರೆ ಕೆಳಗೆ ಅವಳದೇ ಆದದ್ದೊಂದು ಉಳಿದಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.