ಮೊದಲ ಸಂಚಿಕೆಯಲ್ಲಿ ಓಡಿಹೋದ ಚಿಕ್ಕಪ್ಪ

ಕಾಮಿಕ್ಸ್ ಮಾಡುವುದಕ್ಕೆ ಕಲ್ಪನೆಗಿಂತ ಹೆಚ್ಚಾಗಿ ಸ್ಕೇಲು ಬೇಕು ಎಂಬುದು ನನಗೆ ಈ ವರ್ಷ ತಿಳಿಯಿತು. ನಮ್ಮ ಮೊದಲ ಸಂಚಿಕೆಯಲ್ಲಿ ಹದಿನಾರು ಪುಟ, ಎಪ್ಪತ್ತೆರಡು ಚೌಕ. ಕಥೆಯ ಇಬ್ಬರು ವೀರರಲ್ಲಿ ಅಣ್ಣನಿಗೆ ಇಪ್ಪತ್ತಮೂರು ಚೌಕ, ತಮ್ಮನಿಗೂ ಇಪ್ಪತ್ತಮೂರು. ಮುಖಪುಟದಲ್ಲಿ ಇಬ್ಬರ ಮುಖವೂ ಸರಿಯಾಗಿ ಆರು ಸೆಂಟಿಮೀಟರ್. ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿದೆ ಎಂದು ಡೈರಿಯಲ್ಲಿ ಬರೆದಿಡುವ ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಚಿತ್ರ ಬರೆದ ಸಿಂಧುವಿಗೆ ಮಾತ್ರ ತಡೆಯಲಾಗಲಿಲ್ಲ.

"ಇದು ಕಾಮಿಕ್ಸಾ, ಜಮೀನು ಪಾಲಾ, ಮಾರಾಯ್ತಿ?" ಎಂದಳು.

ಸಿಂಧು ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಚಿಕ್ಕಪ್ಪನ ಮಗಳು. ನಾವಿರುವುದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ನಡುವಿನ ದೂರ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಪ್ಪ ಮತ್ತು ಚಿಕ್ಕಪ್ಪನ ಲೆಕ್ಕದಲ್ಲಿ ಆರು ವರ್ಷ. ಲಗ್ನಪತ್ರಿಕೆಯ ಕೆಳಗೆ 'ಸುಖಾಗಮನ ಬಯಸುವವರು' ಎಂಬ ಪಟ್ಟಿ ಇರುತ್ತದಲ್ಲ, ಅಕ್ಕನ ಮದುವೆಯಲ್ಲಿ ಆ ಪಟ್ಟಿಯಿಂದ ಚಿಕ್ಕಪ್ಪನ ಹೆಸರು ಬಿಟ್ಟುಹೋಯಿತು. ಕರಡು ತಿದ್ದಿದವರು ಹೈಸ್ಕೂಲ್ ಮೇಷ್ಟ್ರಾದ ಅಪ್ಪನೇ. "ಕೊನೇಲಿ 'ಬಂಧುಮಿತ್ರರು' ಅಂತ ಇದೆಯಲ್ಲ, ಅದರಲ್ಲಿ ನಾನೂ ಇದ್ದೀನಿ ಅಂದ್ಕೊಳ್ತೀನಿ ಬಿಡು," ಎಂದು ಫೋನಿಟ್ಟ ಚಿಕ್ಕಪ್ಪ ಮದುವೆಗೆ ಬರಲಿಲ್ಲ. ಅಪ್ಪನೂ ಮತ್ತೆ ಫೋನು ಮಾಡಲಿಲ್ಲ.

ಹಾಗಾಗಿ ನಾವಿಬ್ಬರು ಮುನಿಸಿಕೊಂಡ ಮಹಾವೀರರ ಸಂಸಾರವೊಂದನ್ನು ಸೃಷ್ಟಿಸಿದೆವು. ಅಣ್ಣನಿಗೆ ಗೋಡೆಯಾಚೆಗೂ ಕಾಣುತ್ತದೆ, ತಮ್ಮನ ಮನೆ ಮಾತ್ರ ಕಾಣುವುದಿಲ್ಲ. ತಮ್ಮ ಬರಿಗೈಯಲ್ಲಿ ಕಬ್ಬಿಣ ಬಗ್ಗಿಸುತ್ತಾನೆ, ಕುತ್ತಿಗೆ ಮಾತ್ರ ಬಗ್ಗುವುದಿಲ್ಲ. ಪುರಾಣಗಳಲ್ಲೂ ಹೀಗೇ ನೋಡಿ. ಬಾಣ ಬಿಟ್ಟು ಮಳೆ ತರಿಸಿದವರಿದ್ದಾರೆ, ಸಮುದ್ರ ಕುಡಿದವರಿದ್ದಾರೆ, ದಾಯಾದಿಯ ಬಾಗಿಲಿಗೆ ಹೋಗಿ "ಊಟ ಆಯ್ತಾ?" ಎಂದು ಕೇಳುವ ಶಕ್ತಿಗಾಗಿ ತಪಸ್ಸು ಮಾಡಿದವರು ನನಗಂತೂ ಸಿಕ್ಕಿಲ್ಲ.

ಇಬ್ಬರೂ ಓದಿ, ನಕ್ಕು, ಮಾತಾಡಲಿ ಎಂಬುದು ನಮ್ಮ ಆಸೆ. ತಮ್ಮನ್ನು ಗುರುತಿಸಿ ಸಿಟ್ಟಾಗಿ, ನಮ್ಮಿಬ್ಬರ ಓಡಾಟವನ್ನೂ ನಿಲ್ಲಿಸಿಬಿಟ್ಟರೆ ಎಂಬುದು ಭಯ.

ಒಂದು ಶನಿವಾರ ಸಂಜೆ ಅಪ್ಪ ಓದಲು ಕೂತರು, ಅಭ್ಯಾಸಬಲದಿಂದ ಕೆಂಪು ಪೆನ್ನು ಹಿಡಿದು. ಏಳನೆಯ ಪುಟದಲ್ಲಿ ಪೆನ್ನು ನಿಂತಿತು.

"ಇವನ್ಯಾಕೆ ಓಡ್ತಿದಾನೆ?"

"ಮೊದಲ ಸಂಚಿಕೇಲಿ ರಾಕ್ಷಸ ಗೆಲ್ಲಬೇಕಲ್ಲ ಅಪ್ಪ."

"ರಾಕ್ಷಸ ಏನಾದ್ರೂ ಮಾಡ್ಕೊಳ್ಳಲಿ. ನನ್ನ ತಮ್ಮ ಓಡೋನಲ್ಲ ಕಣೆ. ಹೊಳಲೂರಲ್ಲಿ ನಾನು ಹೊಳೆ ಸುಳಿಗೆ ಸಿಕ್ಕಾಗ ಮಿಕ್ಕೋರೆಲ್ಲ ದಡದಲ್ಲಿ ನಿಂತು ಕೂಗ್ತಿದ್ರು. ಇವನೊಬ್ಬ ಧುಮುಕಿದ. ಈಜೂ ಬರ್ತಿರ್ಲಿಲ್ಲ."

"ಆಮೇಲೆ?"

"ಆಮೇಲೇನು, ನಾನೇ ಅವನನ್ನ ಎಳ್ಕೊಂಡು ದಡಕ್ಕೆ ಬಂದೆ."

ಸಿಂಧುವಿಗೆ ಫೋನು ಮಾಡಿದೆ. "ಇಂಕ್ ಹಾಕಿ ಆಗಿದೆ, ತಿದ್ದಕ್ಕಾಗಲ್ಲ ಅಂತ ದೊಡ್ಡಪ್ಪಂಗೆ ಹೇಳು," ಎಂದಳು. ಆ ಮಾತು ಒಬ್ಬ ಮೇಷ್ಟ್ರ ಕಿವಿಗೆ ಬೀಳಬಾರದಿತ್ತು. ಮರುದಿನ ಎಂಟೂ ನಲವತ್ತರ ಭದ್ರಾವತಿ ಬಸ್ಸಿಗೆ ಅಪ್ಪ ನನಗಿಂತ ಮೊದಲೇ ಹತ್ತಿ ಕೂತಿದ್ದರು.

ಬಾಗಿಲು ತೆಗೆದದ್ದು ಬನಿಯನ್ ತೊಟ್ಟ ಚಿಕ್ಕಪ್ಪ. ನಾನು ಹನ್ನೊಂದರವರೆಗೆ ಎಣಿಸಿದೆ. ಅಪ್ಪ ಚಪ್ಪಲಿಯನ್ನೂ ಬಿಡದೆ ಏಳನೆಯ ಪುಟವನ್ನು ಮುಂದೆ ಹಿಡಿದರು.

"ನಿನ್ನ ಮಗಳು ನಿನ್ನನ್ನ ಓಡ್ಸಿದಾಳೆ. ನೋಡ್ಕೊಂಡು ಸುಮ್ನಿದೀಯ?"

ಚಿಕ್ಕಪ್ಪ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದರು. ನೋಡಿದರು.

"ಇವಳಿಗೇನು ಗೊತ್ತು ಅಣ್ಣ. ಹೊಳಲೂರಲ್ಲಿ ಅವತ್ತು ನಾನು ನಿನ್ನನ್ನ ಎಳ್ಕೊಂಡು ಬರ್ದೇ ಇದ್ದಿದ್ರೆ..."

"ಯಾರು ಯಾರನ್ನ ಎಳ್ಕೊಂಡು ಬಂದಿದ್ದು?"

ಈ ವಾದ ನಲವತ್ತೆರಡು ನಿಮಿಷ ನಡೆಯಿತು. ಚಪ್ಪಲಿಗಳು ಯಾವಾಗ ಕಳಚಿದವೋ ನಾನು ಗಮನಿಸಲಿಲ್ಲ. ಚಿಕ್ಕಮ್ಮ ಯಾರನ್ನೂ ಕೇಳದೆ ಕುಕ್ಕರಿಗೆ ಇನ್ನೊಂದು ಪಾವು ಅಕ್ಕಿ ಹಾಕಿದರು. ಲಗ್ನಪತ್ರಿಕೆಯ ಮಾತು ಒಮ್ಮೆಯೂ ಬರಲಿಲ್ಲ. ಕೊನೆಗೆ ಅಣ್ಣತಮ್ಮಂದಿರು ಒಪ್ಪಿದ್ದು ಒಂದೇ ವಿಷಯಕ್ಕೆ: ಓಡುವ ಚಿತ್ರ ಹೋಗಬೇಕು, ಆ ಜಾಗಕ್ಕೆ ಹೊಳೆ ಬರಬೇಕು.

ಸಿಂಧು ನನ್ನನ್ನು ಪಕ್ಕಕ್ಕೆ ಕರೆದಳು. "ಯಾರು ಯಾರನ್ನ ಎಳೀತಿರೋ ಹಾಗೆ ಬರೀಲಿ?"

ನೀರಿನಲ್ಲಿ ಎರಡು ಕೈ ಬರಿ, ಸಾಕು ಎಂದೆ. ಗಟ್ಟಿಯಾಗಿ ಹಿಡಿದುಕೊಂಡಿರುವಾಗ ಎಳೆಯುತ್ತಿರುವ ಕೈ ಯಾವುದೆಂದು ಹಿಡಿದವರಿಗೂ ತಿಳಿಯುವುದಿಲ್ಲ.