ಚಂದ್ರಿ ಮಲಗಿದ ರಾತ್ರಿ

ಮದುವೆ ಹಂಗಾಮು ಬಂತೆಂದರೆ ಬೆಳಗಾವಿ ಹಿಂದವಾಡಿಯ ನಮ್ಮ ಬೀದಿಯಲ್ಲಿ ಸಂಜೆಗೊಂದು ಮೆರವಣಿಗೆ. ಬ್ಯಾಂಡು, ಡೋಲು, ಕಣ್ಣು ಕುಕ್ಕುವ ದೀಪ, ಎಲ್ಲ ನನಗೆ ಬರೀ ತಲೆನೋವು. ಆದರೆ ಅವೆಲ್ಲ ದಾಟಿ ಹೋದ ಮೇಲೆ ಮದುಮಗನನ್ನು ಹೊತ್ತ ಕುದುರೆಯ ವಾಸನೆಯೊಂದು ಹಿಂದೆ ಉಳಿಯುತ್ತದೆ: ಬೆವರು, ಹಸಿ ಹುಲ್ಲು, ಹಳೆಯ ತೊಗಲು. ಅದು ಮೂಗಿಗೆ ಬಡಿದರೆ ಮುಗಿಯಿತು, ಗೇಟಿನ ಹತ್ತಿರ ನಿಂತವಳು ನಿಂತೇ ಇರುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು; ಅದು ಬಂದಾಗ ಯಾವ ಮನೆಗೆ ಹೋಗಬೇಕೆನ್ನಿಸುತ್ತದೋ ಆ ಮನೆ ಈಗ ಇರಲಿಕ್ಕಿಲ್ಲ. ನನ್ನದಂತೂ ಇಲ್ಲ. ಖಾನಾಪುರದ ಸ್ಟೇಶನ್ ರಸ್ತೆಯ ಹಿಂದಿದ್ದ ಆ ಹಂಚಿನ ಮನೆಯ ಜಾಗದಲ್ಲಿ ಈಗ ಸಿಮೆಂಟಿನ ಗೋದಾಮಿದೆ.

ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಟಾಂಗಾ ಹೊಡೆಯುತ್ತಿದ್ದ. ರೈಲಿಳಿದವರು ಆಗಲೇ ರಿಕ್ಷಾ ಹತ್ತತೊಡಗಿದ್ದರು. ಆದರೂ ಮುತ್ಯಾ ಹಟ ಬಿಟ್ಟಿರಲಿಲ್ಲ. ಮನೆಯಲ್ಲಿ ಎರಡು ಕುದುರೆ, ಮುದಿ ರಾಜಾ ಮತ್ತು ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಹೆಣ್ಣುಕುದುರೆ ಚಂದ್ರಿ. ಒಂದು ಮಳೆಗಾಲದಲ್ಲಿ ರಾಜಾ ಸತ್ತಿತು. ಆಮೇಲೆ ಚಂದ್ರಿ ಹುರುಳಿ ತಿಂದಳು, ಟಾಂಗಾ ಎಳೆದಳು, ಆದರೆ ನೆಲಕ್ಕೆ ಮೈ ತಾಗಿಸಲಿಲ್ಲ. ಕುದುರೆ ನಿಂತೇ ನಿದ್ದೆ ಮಾಡುತ್ತದೆ ಎನ್ನುತ್ತಾರಲ್ಲ, ಅದು ಅರ್ಧ ಮಾತು. ನಿಂತು ಮಾಡುವುದು ತೂಕಡಿಕೆ. ಮೈಚೆಲ್ಲಿ ಮಲಗದಿದ್ದರೆ ಅದಕ್ಕೂ ದಣಿವು ಆರುವುದಿಲ್ಲ. ಇದು ನಮಗೆ ಗೊತ್ತಾದದ್ದು ಆಮೇಲೆ. ಒಂದು ದಿನ ಪೇಟೆಯ ತಿರುವಿನಲ್ಲಿ ಚಂದ್ರಿ ನಿಂತಲ್ಲೇ ಮೊಣಕಾಲೂರಿ ಕುಸಿದಳು. ಮುತ್ಯಾ ಮನೆಗೆ ಬಂದವನೇ ಇಟ್ಟಿಗೆ ಭಟ್ಟಿಯವನಿಗೆ ಹೇಳಿಕಳಿಸಿದ. ಭಟ್ಟಿಗೆ ಹೋದ ಕುದುರೆ ಇಟ್ಟಿಗೆ ಹೊತ್ತು ಹೊತ್ತೇ ಸಾಯುತ್ತದೆಂದು ನಮ್ಮಂಥ ಮಕ್ಕಳಿಗೂ ಗೊತ್ತಿತ್ತು. ನಾನು ಅಳುತ್ತ ಕೂತೆ. ಮುತ್ಯಾನೂ ಆ ದಿನ ರೊಟ್ಟಿ ಮುಟ್ಟಲಿಲ್ಲ.

"ರೋಗ ಐತಿ ಅದಕ್ಕ. ನಾಳೆ ಯಾರದರ ಜೀವ ತೆಗೀತೈತಿ" ಅಂದ.

"ರಾತ್ರಿ ಅದು ಏನ್ ಮಾಡತೈತಿ ಅಂತ ಯಾರ್ ನೋಡ್ಯಾರಪ್ಪಾ? ಭಟ್ಟಿಯಾಂವ ಬರೂತನಕ ನಾ ಅದರ ಬಾಜೂಕ ಮಲಗತೀನಿ" ಅಂದವಳು ನೀಲತ್ತಿ. ಅಪ್ಪನ ತಂಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮನ್ನೆಲ್ಲ ಸಾಕಿದವಳು.

"ಕುದುರಿಗೆ ಜೋಗುಳ ಹಾಡಾಕಿ ನೋಡ್ರಿ" ಎಂದು ಮುತ್ಯಾ ಅಣಕಿಸಿದ, ಆದರೆ ಬೇಡವೆನ್ನಲಿಲ್ಲ.

ಹಿತ್ತಲಿನಲ್ಲಿ, ಬಯಲಲ್ಲೇ, ನೀಲತ್ತಿ ಕೌದಿ ಹಾಸಿದಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲಿ ಮಲಗಿದೆ. ದಸರೆ ಮುಗಿದ ಚಳಿ, ಕೌದಿಯ ಮೇಲೆಲ್ಲ ಇಬ್ಬನಿ. ಚಂದ್ರಿ ಹುಲ್ಲು ಅಗಿಯುವ ಸಪ್ಪಳ, ಲೋಂಡಾ ಕಡೆಯಿಂದ ಬರುವ ಗೂಡ್ಸ್ ಗಾಡಿ, ಮತ್ತೆ ಅಗಿಯುವ ಸಪ್ಪಳ. ಅವಳು ಒಂದು ಹಿಂಗಾಲು ಸಡಿಲ ಬಿಟ್ಟು, ಕೆಳತುಟಿ ಜೋಲಿಸಿ ತೂಕಡಿಸುವಳು. ಎಲ್ಲೋ ಎಲೆ ಅಲುಗಿದರೆ ಮೊದಲು ಕಿವಿ ತಿರುಗುವುದು, ಆಮೇಲೆ ಕಣ್ಣು. ಆಗಾಗ ಬಂದು ನನ್ನ ಕೂದಲು ಮೂಸುವಳು. ಹುರುಳಿ ವಾಸನೆಯ ಆ ಬಿಸಿ ಉಸಿರಿಗೆ ನನಗೆ ಎಲ್ಲಿಲ್ಲದ ನಿದ್ದೆ. ಆದರೆ ಕಣ್ಣು ಬಿಟ್ಟಾಗಲೆಲ್ಲ ಅವಳು ನಮ್ಮ ತಲೆಯ ಹತ್ತಿರ ನಿಂತೇ ಇರುತ್ತಿದ್ದಳು. ಮಲಗಲೇ ಇಲ್ಲ.

"ಚಿಂತಿ ಇಲ್ಲದವರಿಗೆ ಸಂತ್ಯಾಗೂ ನಿದ್ದಿ! ನೀವಿಬ್ಬರೂ ಚಲೋ ಮಲಗತೀರಿ, ಕುದುರಿ ನಿಂತು ಕಾಯತೈತಿ" ಎಂದು ಒಂದು ಮುಂಜಾನೆ ಮುತ್ಯಾ ಕೊಂಕು ನುಡಿದ. ಭಟ್ಟಿಯವನು ಮರುದಿನ ಬರುವವನಿದ್ದ.

ನೀಲತ್ತಿ ಮಡಚುತ್ತಿದ್ದ ಕೌದಿಯನ್ನು ಹಾಗೇ ಹಿಡಿದು ನಿಂತುಬಿಟ್ಟಳು. "ಅಪ್ಪ ಖರೇ ಹೇಳಿದ ಬೇ. ನಾವು ಮಲಗತೀವಿ ಅಂತನ ಅದು ನಿಂದರತೈತಿ. ಮೊದಲ ರಾಜಾ ನಿಂದರತಿತ್ತು, ಇದು ಮಲಗತಿತ್ತು. ಈಗ ಇದಕ್ಕ ಯಾರ್ ಅದಾರ?"

ಆ ರಾತ್ರಿ ಅವಳು ಹಾಸಲಿಲ್ಲ. ಕಂಬಳಿ ಹೊದ್ದು ಗೂಟದ ಪಕ್ಕ ನಿಂತಳು. ನನ್ನನ್ನು ಪಡಸಾಲೆಗೆ ಅಟ್ಟಿದಳು. ನಾನು ಬಾಗಿಲ ಸಂದಿಯಲ್ಲಿ ನೋಡುತ್ತ ಕೂತೆ. ಚಂದ್ರಿ ಬಹಳ ಹೊತ್ತು ಅವಳನ್ನೇ ದಿಟ್ಟಿಸಿದಳು. ಇವಳು ಕೂಡುವವಳಲ್ಲ ಎಂದು ಖಾತ್ರಿಯಾದ ಮೇಲೆ ಒಂದು ಸುತ್ತು ತಿರುಗಿ, ಮುಂಗಾಲು ಮಡಚಿ, ಹೊರೆ ಇಳಿಸಿದ ಹಾಗೆ ನೆಲಕ್ಕೆ ಒರಗಿದಳು. ಕುತ್ತಿಗೆ ಚಾಚಿ ಒಂದು ನಿಟ್ಟುಸಿರು ಬಿಟ್ಟಳು. ಅಷ್ಟು ಉದ್ದದ ಉಸಿರನ್ನು ನಾನು ಆವರೆಗೆ ಕೇಳಿರಲಿಲ್ಲ. ನಿದ್ದೆಯಲ್ಲಿ ಅವಳ ಗೊರಸುಗಳು ಎಲ್ಲಿಗೋ ಓಡುತ್ತಿದ್ದವು. ಬೆಳಗಿನ ಜಾವ ಚಂಬು ಹಿಡಿದು ಹಿತ್ತಲಿಗೆ ಬಂದ ಮುತ್ಯಾ ಅಲ್ಲೇ ನಿಂತು ಬಹಳ ಹೊತ್ತು ನೋಡಿದ. ಭಟ್ಟಿಯವನು ಬಂದಾಗ "ಕುದುರಿ ಕೊಡಾಂಗಿಲ್ರಿ" ಎಂದು ಹೊರಗಿನಿಂದಲೇ ಕಳಿಸಿದ. ಆಮೇಲೆ ಮುತ್ಯಾ, ನೀಲತ್ತಿ ಸರದಿಯ ಮೇಲೆ ಎದ್ದಿರತೊಡಗಿದರು. ಚಂದ್ರಿ ಮತ್ತೆ ಮುಗ್ಗರಿಸಲಿಲ್ಲ.

ಮುತ್ಯಾ ಹೋದ. ಟಾಂಗಾ ನಿಂತಿತು. ನಮ್ಮಪ್ಪನಿಗೆ ಬೆಳಗಾವಿಯಲ್ಲಿ ಆಫೀಸು, ಶಿವಬಸವ ನಗರದಲ್ಲಿ ಬಾಡಿಗೆ ಮನೆ. ಅಲ್ಲಿ ಕುದುರೆಗೆಲ್ಲಿಯ ಜಾಗ? ಕಣಕುಂಬಿ ಕಡೆಯವನೊಬ್ಬ ಚಂದ್ರಿಯನ್ನು ಒಯ್ಯಲು ಬಂದ. ನೀಲತ್ತಿ ಕೇಳಿದ್ದು ಒಂದೇ ಮಾತು: "ಮನ್ಯಾಗ ಇನ್ನೊಂದು ಕುದುರಿ ಐತೇನ್ರಿ?" ಅವನು "ಐತ್ರಿ ಅಕ್ಕಾರ" ಅಂದ. ಹೇಳುವಾಗ ಹಗ್ಗದ ಗಂಟು ನೋಡುತ್ತಿದ್ದ. ಇತ್ತೋ ಇಲ್ಲವೋ, ನಮಗೆ ಎಂದೂ ತಿಳಿಯಲಿಲ್ಲ.

ಬೆಳಗಾವಿಯಲ್ಲೂ ನೀಲತ್ತಿಯ ಚಾಳಿ ಹೋಗಲಿಲ್ಲ. ಮನೆಯ ಕೊನೆಯವರು ಬರುವವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಾಗಿಲಲ್ಲಿ ಕೂಡುವಳು. ಹೋದ ವರ್ಷ ಹಾಸಿಗೆ ಹಿಡಿದಾಗಲೂ ದಿಂಬಿಗೆ ಒರಗಿ ಕೂತೇ ಏದುಸಿರು ಬಿಡುತ್ತಿದ್ದಳು, ಮಲಗುತ್ತಿರಲಿಲ್ಲ. ರಾತ್ರಿಯಾದರೆ ಅದೇ ಪ್ರಶ್ನೆ: "ಎಲ್ಲಾರೂ ಮಲಗ್ಯಾರೇನ ಬೇ?"

"ಮಲಗ್ಯಾರತ್ತಿ, ನೀನೂ ಮಲಗು" ಎಂದು ಸಮಾಧಾನ ಹೇಳುತ್ತಿದ್ದೆ. ಅವಳ ಕಣ್ಣುಗಳು ಇನ್ನಷ್ಟು ಅಗಲವಾಗುತ್ತಿದ್ದವು. ಹೀಗೆ ಎಷ್ಟೋ ರಾತ್ರಿ ಕಳೆದ ಮೇಲೆ ನನಗೆ ಹಿತ್ತಲು ನೆನಪಾಯಿತು. ಚಾಪೆಯಿಂದ ಎದ್ದು, ಶಾಲು ಹೊದ್ದು, ಅವಳ ಮಂಚದ ಪಕ್ಕ ನಿಂತೆ.

"ಅತ್ತಿ, ನಾ ಎದ್ದೀನಿ. ನಿಂತೀನಿ ನೋಡು."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೆಲ್ಲಗೆ ಮಗ್ಗುಲಾದಳು. ಬಾಗಿಲ ಸಂದಿಯಿಂದ ಕೇಳಿದ್ದ ಅದೇ ಉದ್ದದ ಉಸಿರು ಬಿಟ್ಟಳು. ಬೆಳಗಾಗುವ ಮುಂಚೆ ಹೋಗಿಬಿಟ್ಟಳು, ಅಲ್ಲಿಯವರೆಗೂ ನಾನು ಕೂತಿರಲಿಲ್ಲ.

ಈಗ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ನನಗೆ ನಿದ್ದೆ ಬರುವುದಿಲ್ಲ. ಡಾಕ್ಟರು ಮಾತ್ರೆ ಬದಲಿಸಿ ಬದಲಿಸಿ ಬೇಸತ್ತಿದ್ದಾರೆ. ಪಾಪ, ಮಾತ್ರೆಯದೇನು ತಪ್ಪು? ನನ್ನ ಪಾಲಿಗೆ ಎದ್ದು ನಿಂತಿರುವವರು ಯಾರೂ ಉಳಿದಿಲ್ಲ.