ಸೊಕ್ಕೆ ಟೀಚರ್ ಕೇಳಿದ ವಿನಾಯಿತಿ

ಇದೆಲ್ಲ ನಾನು ಬರೆಯುತ್ತಿರುವ ಹಾಗೆಯೇ ನಡೆಯಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ಮೊನ್ನೆ ಬೀರುವಿನಲ್ಲಿ ಏನನ್ನೋ ಹುಡುಕುವಾಗ, ಯಾವುದೋ ಸಮಾರಂಭದಲ್ಲಿ ನನಗೆ ಹೊದಿಸಿದ್ದ ಶಾಲು ಕೈಗೆ ಬಂತು. ಪ್ಲಾಸ್ಟಿಕ್ ಕವರು ಬಿಚ್ಚಿದ್ದೇ ತಡ, ನುಸಿಗುಳಿಗೆಯೂ ಹಳೆಯ ಗಂಧದ ಹಾರವೂ ಬೆರೆತ ವಾಸನೆ. ಮತ್ತೆ ಕಟ್ಟಿಟ್ಟೆ. ನೆನಪಾದದ್ದು ಸೊಕ್ಕೆ ಟೀಚರ್. ಅವರಿಗೆ ಯಾರೂ ಯಾವತ್ತೂ ಶಾಲು ಹೊದಿಸಿರಲಿಲ್ಲ.

ಆಗ ನಾನು ನ್ಯಾಮತಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕ. ಎಂ.ಎ. ಮುಗಿಸಿ, ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂಬುದೊಂದನ್ನು ಮಾತ್ರ ಗಟ್ಟಿಯಾಗಿ ಕಲಿತು ಬಂದಿದ್ದೆ. ಅವರು ಕಾಯಂ ಶಿಕ್ಷಕಿ. ಜಗಳೂರು ತಾಲೂಕಿನ ಸೊಕ್ಕೆಯಿಂದ ಬಂದವರಾದ್ದರಿಂದ ಮಕ್ಕಳಿಗೂ ಊರಿಗೂ ನಮಗೂ ಸೊಕ್ಕೆ ಟೀಚರೇ. ಹೊನ್ನಾಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ವರಾಂಡ ಹತ್ತುವಾಗಲೇ ನನ್ನನ್ನು ಕಾಡುವುದು ಶುರು. “ಏನ್ರೀ ಸಾರ್, ಇವತ್ತೂ ದೇವರು ಇಲ್ವೇನು? ಇದ್ರೆ ಒಂದು ಬಾಕ್ಸ್ ಚಾಕ್‌ಪೀಸ್ ಕೊಡ್ಸು ಅಂತ ಕೇಳ್ರಿ.”

ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವರು ಬಸಿರಾಗಿದ್ದರು. ಹಿಂದೊಮ್ಮೆ ಬಸಿರು ನಿಂತಿರಲಿಲ್ಲ. ಹೆಚ್ಚು ಓಡಾಡಬೇಡಿ ಎಂದು ದಾವಣಗೆರೆಯ ಡಾಕ್ಟರು ಚೀಟಿಯಲ್ಲೇ ಬರೆದಿದ್ದರು. ಬೇಸಿಗೆ ರಜೆಗೆ ಊರಿಗೆ ಹೋಗಿ ಮಲಗಿಬಿಡುತ್ತೇನೆ ಎನ್ನುತ್ತಿದ್ದರು. ಅಷ್ಟರಲ್ಲಿ ಮನೆ ಮನೆ ಸಮೀಕ್ಷೆಯ ಆದೇಶ ಬಂತು. ಅದರಲ್ಲಿ ಅವರ ಹೆಸರೂ ಇತ್ತು.

ಶಿಕ್ಷಕರ ಸಂಘದ ಕಾರ್ಯದರ್ಶಿಗಳು ಪಕ್ಕದ ಊರಿನ ಶಾಲೆಯಲ್ಲಿ ಮೇಷ್ಟ್ರು. ತುಟ್ಟಿಭತ್ಯೆ ಏರಿದರೆ, ತೆರಿಗೆಯ ಲೆಕ್ಕ ಬದಲಾದರೆ, ರಜೆಯ ನಿಯಮ ತಿದ್ದಿದರೆ ಶಿಕ್ಷಕರಿಗೆ ಮೊದಲು ತಿಳಿಯುತ್ತಿದ್ದುದು ಅವರ ವಾಟ್ಸಾಪ್ ಗುಂಪಿನಿಂದಲೇ. ಗರ್ಭಿಣಿಯರಿಗೆ ಸಮೀಕ್ಷೆಯಿಂದ ವಿನಾಯಿತಿ ಉಂಟು ಎಂದು ಹಾಕಿದವರೂ ಅವರೇ. ಟೀಚರ್ ಡಾಕ್ಟರ ಚೀಟಿ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ.

“ರೂಲ್ ಐತೆ ಟೀಚರ್, ಇಲ್ಲ ಅನ್ನಲ್ಲ,” ಎಂದರು ಕಾರ್ಯದರ್ಶಿ. “ಆದ್ರೆ ಬರೆದು ಕೊಡಾಕೆ ಹೋಗಬ್ಯಾಡ್ರಿ. ಬಿಇಒ ಸಾಹೇಬ್ರು ಈಗ ತಾನೇ ಬಂದಾರೆ, ಮನಸ್ಸಿಗೆ ಹಚ್ಕೋತಾರೆ. ಭಾನುವಾರ ಸಂಘದ ಕಾರ್ಯಾಗಾರಕ್ಕೆ ಬರ್ತಾರಲ್ಲ, ಸನ್ಮಾನ ಆಗ್ಲಿ. ಬಾಯ್ಮಾತಲ್ಲೇ ಮುಗಿಸ್ತೀನಿ.”

ನಮ್ಮವರ ರೂಢಿಯೇ ಅದು. ಹಕ್ಕು ಯಾವುದೇ ಇರಲಿ, ಅದನ್ನು ಕೊಡಬೇಕಾದವನಿಗೆ ಮೊದಲು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಕೇಳುವುದು ಆಮೇಲೆ. ಆ ಹೊತ್ತಿಗೆ ಕೇಳುವವನ ಬೆನ್ನು ಬಾಗಿ ಅಭ್ಯಾಸವಾಗಿರುತ್ತದೆ.

ಕಾರ್ಯಾಗಾರ ನಡೆದದ್ದು ಹೊನ್ನಾಳಿಯ ಒಂದು ಸಮುದಾಯ ಭವನದಲ್ಲಿ. ವೇತನ, ತೆರಿಗೆ, ಸೇವಾ ಹಕ್ಕು ಎಂದು ಬ್ಯಾನರಿನಲ್ಲಿತ್ತು. ತೆರಿಗೆಯ ಮಾತು ಬಂದಾಗ ಸಭೆಗೆ ಎಂಥ ಎಚ್ಚರ! ಅಪ್ಪನ ಮನೆಯಲ್ಲಿದ್ದುಕೊಂಡೇ ಬಾಡಿಗೆ ರಸೀದಿ ತೋರಿಸಬಹುದೇ ಎಂದು ಒಬ್ಬರು ಕೇಳಿದರು. “ಅಪ್ಪ ಒಪ್ಪಿದ್ರೆ ತೋರಿಸ್ರಿ, ಅವ್ವನ್ನ ಮಾತ್ರ ಕೇಳಬ್ಯಾಡ್ರಿ,” ಎಂದು ಇನ್ನೊಬ್ಬರು. ನಗುವೋ ನಗು. ಸೇವಾ ಹಕ್ಕಿನ ಸರದಿ ಬರುವ ಹೊತ್ತಿಗೆ ಸಾಹೇಬರು ಬಂದರು, ಸನ್ಮಾನವಾಯಿತು, ಹೊಗಳಿಕೆಯಲ್ಲೇ ಹಸಿವಾಯಿತು.

ಆಗ ಸೊಕ್ಕೆ ಟೀಚರ್ ಎದ್ದು ನಿಂತರು. ಮೈಕಿನ ಹತ್ತಿರ ಹೋದರೋ, ನಿಂತಲ್ಲಿಂದಲೇ ಕೇಳಿದರೋ... ಒಮ್ಮೊಮ್ಮೆ ಒಂದೊಂದು ಥರ ಕಾಣುತ್ತದೆ. ಮಾತು ಮಾತ್ರ ಇಷ್ಟೇ: “ಸಾರ್, ನಂದೂ ಒಂದು ಹಕ್ಕಿನ ಪ್ರಶ್ನೆ ಐತ್ರಿ.”

ಕಾರ್ಯದರ್ಶಿ ಮೈಕು ಬಿಡಲಿಲ್ಲ. “ಊಟ ಆದ್ಮೇಲೆ ಟೀಚರ್, ಊಟ ಆದ್ಮೇಲೆ. ಪಾಯಸ ಆರ್ತೈತೆ.”

ಹಿಂದಿನ ಸಾಲಿನಿಂದ ಯಾರೋ, “ಸೊಕ್ಕೆಯೋರಿಗೆ ಸೊಕ್ಕು ಸ್ವಲ್ಪ ಜಾಸ್ತಿ,” ಎಂದರು. ಸಭೆ ನಕ್ಕಿತು. ನನ್ನ ನೆನಪಿನ ಮೇಲೆ ನನಗೆ ಎಷ್ಟೇ ಅನುಮಾನವಿದ್ದರೂ ಆ ನಗುವಿನ ಮೇಲೆ ಇಲ್ಲ. ಮಕ್ಕಳಿಗೆ ನ್ಯಾಯ, ಸಮಾನತೆ ಎಂದು ಬೋರ್ಡಿನ ಮೇಲೆ ಬರೆಯುವವರು ನಕ್ಕ ನಗು ಅದು. ಹೆಂಗಸರೂ ನಕ್ಕರು.

ಊಟ ಮುಗಿಯುವಷ್ಟರಲ್ಲಿ ಸಾಹೇಬರ ಜೀಪು ಹೊರಟುಹೋಗಿತ್ತು. ಕುರ್ಚಿ ಮಡಚುತ್ತಿದ್ದರು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಕಾರ್ಯದರ್ಶಿಯ ಮುಂದೆ ಟೀಚರ್ ಹೋಗಿ ನಿಂತರು. “ಸಾಹೇಬ್ರ ಕಿವಿ ಮೇಲೆ ಹಾಕೀನಿ ಬಿಡ್ರಿ,” ಎಂದರು ಅವರು. “ಸುಮ್ನೆ ಶುರು ಮಾಡ್ಕೊಂಡಿರ್ರಿ. ಅಷ್ಟರಾಗೆ ಹೆಸರು ತೆಗೆಸ್ತೀನಿ.”

ಈಗಲೇ ಅರ್ಜಿ ಬರೆಯೋಣ, ಕಚೇರಿಗೆ ನಾನೂ ಬರುತ್ತೇನೆ ಎಂದೆ. ಟೀಚರ್ ಮನೆಯ ಕಡೆ ನಡೆಯುತ್ತಲೇ ಹೇಳಿದರು: “ನೀವು ಅತಿಥಿ, ನಾಳೆ ಹೋಗ್ತೀರಿ ಸಾರ್. ನಾನು ಇವರ ನಡುವೇನೇ ರಿಟೈರ್ ಆಗ್ಬೇಕು.”

ಅರ್ಜಿಗೆಂದು ತೆಗೆದಿದ್ದ ಪೆನ್ನನ್ನು ಜೇಬಿಗೆ ಹಾಕಿಕೊಂಡೆ.

ಅವರು ಸಮೀಕ್ಷೆಗೆ ಹೋದರು. ಕೊಡೆ ಹಿಡಿದು, ಮೊಬೈಲಿಗೆ ಸಿಗ್ನಲ್ ಹುಡುಕುತ್ತ, ಮನೆಯಿಂದ ಮನೆಗೆ. ಸಂಜೆ ಫೋನ್ ಮಾಡಿದರೆ, “ಎಲ್ಲ ಮನೇಲೂ ಕುಂದುರ್ರಿ ಅಂತಾರೆ ಸಾರ್, ಕುಂತ್ರೆ ಏಳಾಕೆ ಆಗಲ್ಲ ಅಂತ ನಾನೇ ಕೂರಲ್ಲ,” ಎಂದು ನಗುತ್ತಿದ್ದರು. ಹೆಸರು ತೆಗೆಸುವ ಮಾತನ್ನು ಕಾರ್ಯದರ್ಶಿ ಮತ್ತೆ ಎತ್ತಲಿಲ್ಲ. ಸಮೀಕ್ಷೆ ಮುಗಿಯುವ ಮೊದಲೇ ಟೀಚರನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದರು. ಮಗು ಉಳಿಯಲಿಲ್ಲ.

ಬಿಸಿಲಿಗೆ ಹೀಗಾಯಿತು ಎಂದು ನಾನು ಹೇಳಲಾರೆ. ಡಾಕ್ಟರೂ ಹೇಳಲಿಲ್ಲ. ಮಲಗಿದ್ದರೂ ಹೋಗುತ್ತಿತ್ತೇನೋ... ಆದರೆ ಅವರಿಗೆ ಮಲಗುವ ಹಕ್ಕಿತ್ತು. ಗುಂಪಿನಲ್ಲಿ ಕಾರ್ಯದರ್ಶಿ ‘ಎಲ್ಲ ಭಗವಂತನ ಇಚ್ಛೆ’ ಎಂದು ಕೈಮುಗಿದ ಚಿತ್ರ ಹಾಕಿದರು. ಅದರ ಕೆಳಗೇ ತುಟ್ಟಿಭತ್ಯೆಯ ಸುದ್ದಿ. ಹೆಬ್ಬೆರಳುಗಳೆಲ್ಲ ಅದಕ್ಕೆ ಬಿದ್ದವು. ಆವತ್ತು ಆ ಗುಂಪನ್ನು ನೋಡಿ ನನಗಾದ ಹೇಸಿಗೆ ಇನ್ನೂ ನಾಲಿಗೆಯ ಮೇಲಿದೆ.

ಟೀಚರ್ ವರ್ಗಾವಣೆ ತೆಗೆದುಕೊಂಡು ಜಗಳೂರು ಕಡೆಗೆ ಹೋದರು. ಮೊದಮೊದಲು ಹಬ್ಬಕ್ಕೆ ಒಂದು ಫೋನ್ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ನಂಬರು ಬದಲಾಗಿದೆ. ಅವರ ಮುಖ ನೆನಪಿಸಿಕೊಳ್ಳಲು ಹೋದರೆ ಈಗ ಕೊಡೆಯೊಂದೇ ಬರುತ್ತದೆ. ದನಿ ಮಾತ್ರ ಸ್ಪಷ್ಟ, ಅದೂ ಎಷ್ಟು ದಿನವೋ. ನಾನೂ ಕಾಯಂ ಆದೆ. ಅದೇ ಸಂಘಕ್ಕೆ ಚಂದಾ ಕೊಡುತ್ತೇನೆ.

ಆ ಸಮೀಕ್ಷೆಯಲ್ಲಿ ಕಾರ್ಯದರ್ಶಿಯ ಸೊಸೆಗೆ ವಿನಾಯಿತಿ ಸಿಕ್ಕಿತ್ತು ಎಂಬ ಮಾತೊಂದು ಸ್ಟಾಫ್ ರೂಮುಗಳಲ್ಲಿ ಓಡಾಡುತ್ತಿತ್ತು. ನಾನು ನಂಬಿರಲಿಲ್ಲ. ಆಗದವರ ಮೇಲೆ ಕಥೆ ಕಟ್ಟುವುದರಲ್ಲಿ ಮೇಷ್ಟ್ರುಗಳನ್ನು ಮೀರಿಸುವವರಿಲ್ಲ. ಕಳೆದ ತಿಂಗಳು ಚನ್ನಗಿರಿಯ ತರಬೇತಿಯಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದವರು ಆ ಸೊಸೆಯೇ. ಒಳ್ಳೆಯ ಹೆಣ್ಣುಮಗಳು. ಅವರೂ ಟೀಚರು. ಕೇಳಿಯೇಬಿಟ್ಟೆ.

“ಹೌದು ಸಾರ್, ನನ್ನ ಹೆಸರೂ ಬಂದಿತ್ತು. ಆಗ ದೊಡ್ಡ ಮಗ ಹೊಟ್ಟೇಲಿದ್ದ,” ಎಂದರು, ಅನ್ನಕ್ಕೆ ಸಾರು ಕಲಸುತ್ತ. “ನಮ್ಮ ಮಾವನೋರೇ ಕೂತು ಅರ್ಜಿ ಬರೆಸಿದ್ರು. ಬಾಯ್ಮಾತು ನಡೆಯಲ್ಲಮ್ಮ, ಬರೆದೇ ಕೊಡಬೇಕು ಅಂದ್ರು. ಮಾರನೇ ದಿನಾನೇ ಬಿಟ್ರು.”

ಅದೇ ಸಮೀಕ್ಷೆಯೇ ಎಂದು ಇನ್ನೊಮ್ಮೆ ಕೇಳಿದೆ. ಅದೇ.